ಕಡಬದ ಹನ್ನೊಂದು ಲ್ಯಾಪ್‌ಟಾಪ್ ಮತ್ತು ಪುಟ್ಟತಾಯಮ್ಮ

ಬೆಳಗಿನ ಆರೂ ಕಾಲು. ಕಡಬದ ಕೆರೆ ಏರಿಯ ಮೇಲೆ ಒಂದು ಹಳೆಯ ಮೊಪೆಡ್ ಬರುತ್ತಿದೆ. ಅದಕ್ಕೆ ನೇತುಹಾಕಿದ ಬಟ್ಟೆ ಚೀಲದಲ್ಲಿ ಸುತ್ತಿಟ್ಟ ನೀಲಿ ಕೇಬಲ್ಲು, ಒಂದು ನೋಟ್‌ಬುಕ್ಕು, ರೊಟ್ಟಿ ಡಬ್ಬಿ. ಓಡಿಸುತ್ತಿರುವವರು ನಲವತ್ತೇಳರ ಪುಟ್ಟತಾಯಮ್ಮ. ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಟ್ರಸ್ಟೊಂದು ನಡೆಸುವ ಒಂಬತ್ತು ಓದುಮನೆಗಳ ಅರವತ್ತಮೂರು ಲ್ಯಾಪ್‌ಟಾಪ್‌ಗಳಿಗೆ ಏನೇ ಆದರೂ ಇವರಿಗೇ ಫೋನು. ಅದರಲ್ಲಿ ಮುಕ್ಕಾಲು ಪಾಲು ಒಂದೇ ದೂರು, ‘ನೆಟ್ ಸ್ಲೋ.’

ಇವತ್ತು ಅವರ ಮುಖದಲ್ಲಿ ನಗುವಿಲ್ಲ. ಕಡಬದ ಹನ್ನೊಂದು ಲ್ಯಾಪ್‌ಟಾಪ್‌ಗಳಲ್ಲಿ ದಿನಾ ಹತ್ತು ಗಂಟೆಯಾಯಿತೆಂದರೆ ವೈಫೈ ಕುಂಟುತ್ತದೆ. ಒಂದು ತಿಂಗಳಲ್ಲಿ ನಾಲ್ಕು ಸಲ ಬಂದು ನೋಡಿದ್ದಾರೆ. ಬಂದಾಗಲೆಲ್ಲ ಕುದುರೆ ಓಡಿದ ಹಾಗೆ ಓಡಿದೆ. ಟ್ರಸ್ಟಿನ ತುಮಕೂರು ಕಚೇರಿಯ ಭಾನುಪ್ರಕಾಶ್ ಅವರಿಗೆ ತಾಳ್ಮೆ ಮುಗಿದಿದೆ. ಇವುಗಳಲ್ಲಿರುವ ಲಿನಕ್ಸ್ ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದಾದ ಸಿಸ್ಟಮ್ಮು, ತಪ್ಪು ಅದರದ್ದೇ ಎಂದು ಅವರು ತೀರ್ಮಾನಿಸಿದ್ದಾರೆ. ಮಧ್ಯಾಹ್ನ ಹನ್ನೆರಡಕ್ಕೆ ವ್ಯಾನು ಬಂದು ಎಲ್ಲವನ್ನೂ ಹೊತ್ತುಕೊಂಡು ಹೋಗುತ್ತದೆ. ಬದಲಿ ಕೊಡುವ ಮಾತಿಲ್ಲ.

‘ಪುಗಸಟ್ಟೆ ಸಿಸ್ಟಮ್ಮು ಅಂತ ಎಲ್ಲಾ ಅದ್ರ ಮೇಲೇ ಬೀಳ್ತಾರೆ ಸಾ. ನಂಗೂ ಓದು ಎಸ್ಸೆಸ್ಸೆಲ್ಸಿಗೇ ನಿಂತೋಯ್ತು, ನನ್ ಮೇಲೂ ಹಿಂಗೇ ಬೀಳೋರು,’ ಎನ್ನುತ್ತಾರೆ ಪುಟ್ಟತಾಯಮ್ಮ, ಮೊಪೆಡ್ಡಿಗೆ ಸ್ಟ್ಯಾಂಡ್ ಹಾಕುತ್ತಾ.

ಹುಟ್ಟಿದ್ದು ಹಾಗಲವಾಡಿಯಲ್ಲಿ. ಅಂತರಸನಹಳ್ಳಿಯ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷ ಗಾಡಿಗಳ ವೈರಿಂಗ್ ಪರೀಕ್ಷಿಸುವ ಬೆಂಚಿನಲ್ಲಿದ್ದರು. ಕಾರ್ಖಾನೆ ಮುಚ್ಚಿದ ಮೇಲೆ ಟ್ರಸ್ಟಿನ ಕಚೇರಿಯಲ್ಲಿ ಕಸ ಗುಡಿಸಿ ಟೀ ಕೊಡುವ ಕೆಲಸ. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವರು ಬಿಟ್ಟುಹೋದಾಗ, ಲೋಟ ಎತ್ತಲು ಬಂದ ಇವರೇ ‘ನಾ ಒಂದ್ಸಲ ನೋಡ್ಲಾ’ ಎಂದರು. ಆಗಿನಿಂದ ಏಳು ವರ್ಷ ನೋಡುತ್ತಲೇ ಇದ್ದಾರೆ.

ಬೆಂಚು ಕಲಿಸಿದ ಪಾಠವೊಂದಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಅದನ್ನು ಅವರು ಮರೆತದ್ದು ಒಮ್ಮೆ ಮಾತ್ರ. ಎರಡು ವರ್ಷದ ಹಿಂದೆ ಕುಣಿಗಲ್ ಕಡೆಯ ಓದುಮನೆಯಲ್ಲಿ ಬಸ್ಸಿನ ಅವಸರಕ್ಕೆ ಒಂದು ಲ್ಯಾಪ್‌ಟಾಪಿನ ಮೂರು ಸೆಟ್ಟಿಂಗ್ ಒಟ್ಟಿಗೆ ತಿರುಗಿಸಿದರು. ವಾರಕ್ಕೇ ಮತ್ತೆ ಕೆಟ್ಟಿತು. ಯಾವುದರಿಂದ ಎಂದು ತಿಳಿಯದೆ ಇಡೀ ಸಿಸ್ಟಮ್ ಅಳಿಸಿ ಹೊಸದಾಗಿ ಹಾಕಿದರು. ಅದರ ಜೊತೆ ಸಂಧ್ಯಾ ಎಂಬ ಹುಡುಗಿಯ ವರ್ಷದ ನೋಟ್ಸೂ ಅಳಿಸಿಹೋಯಿತು. ‘ಆ ಮಗೀಗೆ ಏನ್ ಅಂತ ಹೇಳ್ಲಿ? ಈಗ್ಲೂ ಕುಣಿಗಲ್ ಬಸ್ ಹತ್ತಿದ್ರೆ ಅವ್ಳೇ ನೆಪ್ಪಾಯ್ತಾಳೆ,’ ಎನ್ನುವಾಗ ಅವರ ದನಿ ಇಳಿಯುತ್ತದೆ. ನೋಟ್‌ಬುಕ್ ಶುರುವಾದದ್ದು ಆಮೇಲೆ. ಏನು ಬದಲಿಸಿದರು, ಎಷ್ಟು ಹೊತ್ತಿಗೆ, ಆಮೇಲೆ ಏನಾಯಿತು, ಎಲ್ಲವೂ ಅದರಲ್ಲಿದೆ.

ನಾನಾಗಿದ್ದರೆ ರೂಟರ್ ಆಫ್ ಮಾಡಿ, ಆನ್ ಮಾಡಿ, ದೇವರ ಮೇಲೆ ಭಾರ ಹಾಕುತ್ತಿದ್ದೆ. ಪುಟ್ಟತಾಯಮ್ಮ ಇವತ್ತು ಯಾವುದನ್ನೂ ಮುಟ್ಟುವುದಿಲ್ಲ. ಮೂಲೆಯ ಕುರ್ಚಿಯಲ್ಲಿ ರೊಟ್ಟಿ ತಿಂದು ಸುಮ್ಮನೆ ಕೂರುತ್ತಾರೆ. ‘ಯಾವಾಗ್ಲೂ ಬೆಳಿಗ್ಗೇನೇ ಬಂದು ಓಡೋಗ್ತಿದ್ದೆ. ಕಾಯ್ಲೆ ಬರೋದು ಹತ್ತಕ್ಕಾದ್ರೆ ಏಳಕ್ಕೆ ನಾಡಿ ಹಿಡ್ದು ಏನ್ ಬಂತು?’ ಉಳಿದ ಓದುಮನೆಗಳಿಗೆ ಇವತ್ತು ಬರುವುದಿಲ್ಲ ಎಂದು ಹೇಳಿ ಬಂದಿದ್ದಾರೆ.

ಓದುಮನೆ ನೋಡಿಕೊಳ್ಳುವ ವೆಂಕಟರಂಗಯ್ಯನವರಿಗೆ ಅರವತ್ತಾರು. ನಸುಕಿನಲ್ಲೇ ಬಂದು ಹನ್ನೊಂದನ್ನೂ ಚಾರ್ಜಿಗೆ ಹಾಕಿರುತ್ತಾರೆ. ತಿಂಗಳಿಂದೀಚೆಗೆ ಒಂಬತ್ತೂವರೆಗೆ, ಓದುವವರು ಬರುವ ಮುಂಚೆ, ಚಾರ್ಜರ್‌ಗಳನ್ನೆಲ್ಲ ಕಿತ್ತು ನೀಟಾಗಿ ಸುತ್ತಿ ಬೀರುವಿನಲ್ಲಿಟ್ಟು ಬೀಗ ಹಾಕುತ್ತಾರೆ. ‘ತುಂಬಿದ್ ಮೇಲೂ ಚುಚ್ಚಿದ್ರೆ ಬ್ಯಾಟ್ರಿ ಊದ್ಕೊಂಡ್ಬುಡ್ತದೆ ಕಣವ್ವ,’ ಎಂದು ವಿವರಿಸುತ್ತಾರೆ. ಪುಟ್ಟತಾಯಮ್ಮ ಅದನ್ನೂ ಬರೆದುಕೊಳ್ಳುತ್ತಾರೆ.

ಹತ್ತಕ್ಕೆ ಹನ್ನೊಂದು ಕುರ್ಚಿಯೂ ಭರ್ತಿ. ಪೂಜಾ ಪೊಲೀಸ್ ನೇಮಕಾತಿಗೆ ಅಣಕು ಪರೀಕ್ಷೆ ಬರೆಯುತ್ತಿದ್ದಾಳೆ. ಹತ್ತನೇ ನಿಮಿಷಕ್ಕೆ ಪುಟ ನಿಂತಿತು. ತಲೆಗಳೆಲ್ಲ ಮೇಲೆದ್ದವು, ಮೊದಲು ಗೋಡೆಯ ರೂಟರ್ ಕಡೆಗೆ, ಆಮೇಲೆ ಪುಟ್ಟತಾಯಮ್ಮನ ಕಡೆಗೆ. ‘ಅಕ್ಕಾ, ಇವನ್ನ ತಗೊಂಡೋದ್ರೆ ನಾನ್ ದಿನಾ ಗುಬ್ಬಿಗೆ ಹೋಗಕ್ಕಾಗಲ್ಲ. ಮನೇಲಿ ಪರೀಕ್ಷೆ ಆಸೆನೇ ಬುಡು ಅಂತಾರೆ,’ ಎಂದಳು ಪೂಜಾ. ಕಣ್ಣು ತುಂಬಿತ್ತು.

ಪುಟ್ಟತಾಯಮ್ಮ ಮೊದಲು ತಮ್ಮ ಫೋನನ್ನು ಅದೇ ವೈಫೈಗೆ ಸೇರಿಸಿದರು. ಚುರುಕಾಗಿತ್ತು. ಪೂಜಾಳ ಲ್ಯಾಪ್‌ಟಾಪಿಗೆ ರೂಟರ್‌ನಿಂದ ನೀಲಿ ಕೇಬಲ್ ಎಳೆದು ಚುಚ್ಚಿದರು. ಅದೂ ಚುರುಕು. ಅಂದರೆ ಲೈನೂ ಸರಿ, ರೂಟರೂ ಸರಿ. ತೊಂದರೆ ಲ್ಯಾಪ್‌ಟಾಪಿನ ವೈಫೈನಲ್ಲಿ. ಬೆಳಿಗ್ಗೆ ಇಲ್ಲದ್ದು ಈಗ ಏನು ಬಂತು? ನೋಟ್‌ಬುಕ್ಕಿನ ಕೊನೆಯ ಸಾಲು ನೋಡಿದರು. ‘ಅಣ್ಣಾ, ಬೀರು ಬೀಗ ತಗೀರಿ. ಒಂದ್ ಚಾರ್ಜರ್ ಕೊಡಿ.’

ಕೇಬಲ್ ತೆಗೆದು ಚಾರ್ಜರ್ ಚುಚ್ಚಿದರೆ ಓಡಿತು. ಕಿತ್ತರೆ ಕುಂಟಿತು. ಬ್ಯಾಟರಿಯಲ್ಲಿದ್ದಾಗ ಕರೆಂಟ್ ಉಳಿಸಲೆಂದು ಲ್ಯಾಪ್‌ಟಾಪ್ ಆಗಾಗ ವೈಫೈಯನ್ನು ಮಲಗಿಸುತ್ತಿತ್ತು. ಹಾಗೆ ಮಾಡಬೇಡ ಎಂದು ಒಂದೇ ಒಂದು ಸಾಲು ಬದಲಿಸಿದರು. ಚಾರ್ಜರ್ ಇಲ್ಲದೆಯೂ ಓಡಿತು. ಹನ್ನೊಂದೂವರೆಗೆ ಹನ್ನೊಂದೂ ಮುಗಿದವು. ತುಮಕೂರಿಗೆ ಫೋನು ಹೋಯಿತು.

‘ವ್ಯಾನ್ ಬ್ಯಾಡಿ ಸಾ.’

‘ಖಾತ್ರಿನಾ ಪುಟ್ಟತಾಯಮ್ಮ?’ ಎಂದರು ಭಾನುಪ್ರಕಾಶ್.

‘ಮೂರ್ ಸಲ ಚುಚ್ಚಿ, ಮೂರ್ ಸಲ ಕಿತ್ತು ನೋಡಿದೀನಿ ಸಾ.’

‘ಹಾಗಾದ್ರೆ ಸರಿ.’ ವ್ಯಾನ್ ವಾಪಸ್ ಕರೆಸುತ್ತೇನೆ ಎಂದರು.

ವೆಂಕಟರಂಗಯ್ಯ ಮಾತ್ರ ಚಾರ್ಜರ್ ಹಿಡಿದು ನಿಂತೇ ಇದ್ದರು. ‘ಹಂಗಾರೆ ತಿಂಗ್ಳಿಂದ ನನ್ ಕೈಯಿಂದ್ಲೇ ಇವರಿಗೆಲ್ಲ ತೊಂದ್ರೆ ಆಯ್ತೇನವ್ವಾ?’

‘ಅಯ್ಯೋ ಬುಡಿ ಅಣ್ಣಾ. ನೀವೂ ಬ್ಯಾಟ್ರಿ ಉಳ್ಸಕ್ಕೇ ಹೋದ್ರಿ, ಅದೂ ಉಳ್ಸಕ್ಕೇ ಹೋಯ್ತು. ಇಬ್ರದೂ ತಪ್ಪಿಲ್ಲ.’

ಕಚೇರಿಗೆ ಹೋಗುವ ವರದಿಯಲ್ಲಿ ‘ಕಾರಣ’ದ ಮುಂದೆ ಅವರು ಬರೆದದ್ದು ‘ಬ್ಯಾಟರಿ ಸೆಟ್ಟಿಂಗ್’ ಎಂದಷ್ಟೇ. ಚಾರ್ಜರ್ ಕಥೆಯನ್ನು ಪತ್ರಿಕೆಯಲ್ಲಿ ಹೇಳಲು ಒಪ್ಪಿಗೆ ಕೊಟ್ಟವರು ವೆಂಕಟರಂಗಯ್ಯನವರೇ. ಬೇರೆ ಊರಲ್ಲೂ ಯಾರಾದರೂ ಹೀಗೆ ಕೀಳುತ್ತಿರಬಹುದು ಎಂಬುದು ಅವರ ಯೋಚನೆ.

ಇಷ್ಟೆಲ್ಲ ಮಾಡಿದ್ದಕ್ಕೆ ಯಾರೂ ಒಂದು ಥ್ಯಾಂಕ್ಸೂ ಹೇಳಲಿಲ್ಲವಲ್ಲ, ಬೇಜಾರಿಲ್ಲವೇ ಎಂದು ಕೇಳಿದೆ. ಪುಟ್ಟತಾಯಮ್ಮ ಕೇಬಲ್ ಸುತ್ತುತ್ತಾ ಗದ್ದ ಎತ್ತಿ ಒಳಗೆ ತೋರಿಸಿದರು. ಹನ್ನೊಂದು ತಲೆಗಳೂ ಬಗ್ಗಿದ್ದವು. ಪೂಜಾ ಐವತ್ತೆರಡನೇ ಪ್ರಶ್ನೆಯಲ್ಲಿದ್ದಳು.

‘ನೋಡಿ ಸಾ, ಒಬ್ರೂ ನನ್ ಕಡೆ ನೋಡ್ತಿಲ್ಲ,’ ಎಂದು ಬೆಳಗಿನಿಂದ ಮೊದಲ ಸಲ ನಕ್ಕರು. ‘ಸರ್ಯಾಗೈತೆ.’