ಸರುಲಿ ಜಾರಿದ ಜಾಗ

ಬಾಂಜ್‌ಖೇತ್‌ಗೆ ಬಂದವರನ್ನು ಟ್ಯಾಕ್ಸಿಯವರು ಒಂದೇ ದಿನದಲ್ಲಿ ಊರೆಲ್ಲ ಸುತ್ತಿಸಿಬಿಡುತ್ತಾರೆ. ಬೆಳಿಗ್ಗೆ ಸೂರ್ಯೋದಯ, ಆಮೇಲೆ ಜಲಪಾತ, ಸೇಬಿನ ತೋಟ, ದೇವಿ ಗುಡಿ; ಕೊನೆಗೆ ನನ್ನ ಚಹಾದಂಗಡಿಯ ಎದುರಿನ ಲವರ್ಸ್ ಪಾಯಿಂಟ್. ಅಲ್ಲಿ ನಿಂತರೆ ತ್ರಿಶೂಲ, ನಂದಾದೇವಿ ಹಿಮಶಿಖರಗಳೆಲ್ಲ ಕಾಣುತ್ತವೆ. ಆದರೆ ಕಳೆದ ವರ್ಷದವರೆಗೂ ಬಂದವರು ಅದನ್ನು ಬಿಟ್ಟು ಕಂಬಿ ಹಿಡಿದು ಕೆಳಗೆ ಇಣುಕುತ್ತಿದ್ದರು. ಸರುಲಿ ಎಂಬ ಹೆಂಗಸು ಮದುವೆಯಾದ ಮೇಲೂ ಹಳೆಯ ಪ್ರೇಮಿಯನ್ನು ಮರೆಯಲಾರದೆ ಇಲ್ಲಿಂದ ಹಾರಿಕೊಂಡಳು ಎಂದು ಡ್ರೈವರುಗಳು ಹೇಳುತ್ತಿದ್ದರಲ್ಲ, ಅದಕ್ಕೆ.

ಹಾರಿದ್ದೂ ಸುಳ್ಳು, ಪ್ರೇಮಿಯೂ ಸುಳ್ಳು. ಸರುಲಿ ನಮ್ಮ ಖಿಮುಲಿ ಆಮಾಳ ಸೊಸೆ. ಹುಲ್ಲು ಕೊಯ್ಯುವಾಗ ಕಾಲು ಜಾರಿ ಸತ್ತಳು. ಆಮಾಳ ಮಗ ಡೆಲ್ಲಿಯಲ್ಲಿ ಇನ್ನೊಂದು ಸಂಸಾರ ಹೂಡಿದ. ಎಳೆ ಮಗು ತನುಜಾಳನ್ನು ಎಮ್ಮೆ ಹಾಲು ಮಾರಿ ಸಾಕಿದವಳು ಅಜ್ಜಿ ಖಿಮುಲಿ. ಊರಿಗೆಲ್ಲ ಅವಳು ಆಮಾ. ಹಾಲಿಗೆ ನೀರು ಬೆರೆಸುವ ಬುದ್ಧಿ ಅವಳಿಗಿಲ್ಲ, ಮಾತಿಗೆ ಬೆಣ್ಣೆ ಸವರುವ ಬುದ್ಧಿಯೂ ಇಲ್ಲ.

"ಏಯ್ ಪೂರನ್, ಹಾರ್ಕೋತೀನಿ ಅಂತ ನನ್ನ ಸೊಸೆ ನಿನ್ನ ಕಿವೀಲಿ ಬಂದು ಹೇಳಿದ್ಲೇನೋ?" ಎಂದು ಟ್ಯಾಕ್ಸಿಯ ಮುಂದೆ ಅಡ್ಡ ನಿಲ್ಲುತ್ತಿದ್ದಳು.

"ಹುಲ್ಲು ಕೊಯ್ಯೋಕೆ ಹೋಗಿ ಬಿದ್ಲು ಅಂದ್ರೆ ಯಾರು ಗಾಡಿಯಿಂದ ಇಳೀತಾರೆ ಆಮಾ? ಹೊಟ್ಟೆಪಾಡು."

"ಹಾಗಾದ್ರೆ ನಿಮ್ಮಮ್ಮನ್ನ ಹಾರಿಸೋ!"

ಡ್ರೈವರುಗಳು ನಗುತ್ತಿದ್ದರು. ಆಮಾ ನಕ್ಕಿದ್ದನ್ನು ನಾನು ಕಾಣೆ.

ಕಳೆದ ವರ್ಷ ಹುಲ್ಲು ಕೊಯ್ಲಿನ ಹೊತ್ತಿಗೆ ತನುಜಾಳನ್ನು ನೋಡಲು ಕೆಳಗಿನ ಬಯಲಿನ ಪೇಟೆ ಹಲ್ದ್ವಾನಿಯಿಂದ ಗಂಡಿನ ತಾಯಿ ಲಛಿಮಾ ಬಂದಳು. ಹಿಂದಿನ ದಿನವೇ ಬಂದವಳು ಪೂರನ್‌ನ ಟ್ಯಾಕ್ಸಿಯಲ್ಲಿ ಊರು ಸುತ್ತಿದ್ದಳು. ಅವಳು ಯಾರೆಂದು ಅವನಿಗೆ ಗೊತ್ತಿಲ್ಲ. ಎಲ್ಲರಿಗೂ ಹೇಳುವಂತೆ ಅವಳಿಗೂ ಸರುಲಿಯ ಕತೆ ಹೇಳಿ, ಅವಳ ಮನೆ ಅಗೋ ಅಲ್ಲಿ ಎಂದು ಬೆರಳು ಮಾಡಿ ತೋರಿಸಿದ್ದ.

ಮನೆಯಲ್ಲಿ ಗಂಡಸರಿಲ್ಲವೆಂದು ಮಾತುಕತೆಗೆ ನನ್ನನ್ನು ಕರೆದಿದ್ದರು. ಲಛಿಮಾ ಚಹಾ ಮುಟ್ಟಲಿಲ್ಲ.

"ತಪ್ಪು ತಿಳ್ಕೋಬೇಡಿ ಆಮಾ. ಹುಡುಗಿ ಚಿನ್ನದಂಥೋಳು. ಆದ್ರೆ ತಾಯಿ ಹಂಗೆ ಮಾಡ್ಕೊಂಡಿರೋ ಮನೆ... ನಾಳೆ ನೆಂಟರ ಬಾಯಿ ಮುಚ್ಚೋಕಾಗತ್ತಾ?"

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ತನುಜಾಳ ಮುಖ ನೋಡಲಾಗಲಿಲ್ಲ. ಆಮಾ ವಾದಕ್ಕೆ ಇಳಿಯುತ್ತಾಳೆ, ಬೈಯುತ್ತಾಳೆ ಎಂದುಕೊಂಡೆ. ಅವಳು ಗೋಡೆಯಿಂದ ಕುಡುಗೋಲು, ಹಗ್ಗ ತೆಗೆದುಕೊಂಡು, "ಬಾ ನನ್ನ ಜೊತೆ" ಎಂದಳು.

ಎಲ್ಲರೂ ಲವರ್ಸ್ ಪಾಯಿಂಟಿಗೆ ಬಂದೆವು. ಆಮಾ ಸೀರೆ ಎತ್ತಿ ಕಟ್ಟಿ ಕಂಬಿ ದಾಟಿದಳು. ಬೇಡ ಎಂದು ನಾನು ಕಿರುಚಿದೆ. ಕೇಳುವ ಹೆಂಗಸೇ ಅವಳು? ಹತ್ತಿರದ ಇಳಿಜಾರುಗಳ ಹುಲ್ಲು ಮುಗಿದ ಮೇಲೆ ಉಳಿಯುವುದು ದನ ಇಳಿಯಲಾಗದ ಇಂಥ ಕಡಿದಾದ ಜಾಗದ ಹುಲ್ಲೇ. ಬುಡಗಳನ್ನು ಹಿಡಿದು ಅಡ್ಡಡ್ಡ ಇಳಿಯುತ್ತ, ಕೊಯ್ಯುತ್ತ, ಹೊರೆ ಕಟ್ಟುತ್ತ ಹೋದಳು. ಪ್ರವಾಸಿಗರು ಮೊಬೈಲ್ ಎತ್ತಿ ಹಿಡಿದಿದ್ದರು. ಬಂಡೆಯ ತುದಿಯಲ್ಲಿ ದಟ್ಟವಾದ ಒಂದು ಹುಲ್ಲಿನ ಪೊದೆ ಇತ್ತು. ಆಮಾ ಅದಕ್ಕೆ ಕೈ ಚಾಚಿದಳು.

ಅಲ್ಲಿಯವರೆಗೆ ಬಿಗಿದುಕೊಂಡು ನಿಂತಿದ್ದ ಲಛಿಮಾ ಕೂಗಿದಳು: "ಆಮಾ! ಅದು ಬೇಡ, ಬಿಡಿ! ಎಡಗಾಲು ನೋಡ್ಕೊಳ್ಳಿ, ಒಣ ಎಲೆ ಇದೆ, ಜಾರತ್ತೆ! ಮೇಲೆ ಬನ್ನಿ!"

ಹುಲ್ಲು ಕೊಯ್ಯುವ ಹೆಂಗಸರು ಒಬ್ಬರಿಗೊಬ್ಬರು ಕೂಗುವುದು ಹೀಗೇ. ಎಷ್ಟು ವರ್ಷ ಹಲ್ದ್ವಾನಿಯಲ್ಲಿದ್ದರೇನು, ಅವಳೂ ಇಂಥದೇ ಇಳಿಜಾರಿನಲ್ಲಿ ಬೆಳೆದವಳು.

ಆಮಾ ಕೈ ಹಿಂದಕ್ಕೆ ತೆಗೆದುಕೊಂಡಳು. ಬಂಡೆಗೆ ಒರಗಿ, ಅಲ್ಲಿಂದಲೇ ಹೇಳಿದಳು: "ಅವತ್ತು ನಂಗೆ ಜ್ವರ. ಎಮ್ಮೆ ಹಸಿದಿದೆ ಅಂತ ಅವಳೊಬ್ಳೇ ಬಂದಿದ್ಲು. ಹಿಂಗೆ ಕೂಗೋರು ಯಾರೂ ಇರ್ಲಿಲ್ಲ ಕಣೇ."

ಲಛಿಮಾ ಅಲ್ಲೇ ಕುಸಿದು ಕೂತು ಅತ್ತಳು. ನಾನೂ ಅತ್ತೆ, ಮುಚ್ಚಿಡುವುದೇನು? ಆಮಾ ಮೇಲೆ ಬಂದಾಗ ಆ ಹೊರೆಯನ್ನು ಅವಳ ಕೈಯಿಂದ ಕಿತ್ತುಕೊಂಡು, ರೇಷ್ಮೆ ಸೀರೆಯ ಪರಿವೆಯೂ ಇಲ್ಲದೆ ಲಛಿಮಾ ತನ್ನ ತಲೆಯ ಮೇಲಿಟ್ಟು ನಡೆದಳು. ಪೂರನ್ ತನ್ನ ಗಾಡಿಯ ಪಕ್ಕದಲ್ಲೇ ನಿಂತಿದ್ದ, ತಲೆ ಎತ್ತಲಿಲ್ಲ.

ಚಳಿಗಾಲಕ್ಕೆ ಮುಂಚೆ ಮದುವೆಯಾಯಿತು. ಪೂರನ್ ಆ ಸುಳ್ಳು ಕತೆ ಹೇಳುವುದನ್ನು ನಿಲ್ಲಿಸಿದ, ಅವನನ್ನು ನೋಡಿ ಉಳಿದವರೂ ನಿಲ್ಲಿಸಿದರು. ಈಗ ಇಲ್ಲಿ ಇಳಿಯುವವರು ಕಡಿಮೆ, ನನ್ನ ವ್ಯಾಪಾರ ಅರ್ಧಕ್ಕರ್ಧ. ಗೊಣಗಿದರೆ, ಅಂಗಡಿಗೆ ಹಾಲು ಹಾಕುವ ಆಮಾ, "ಅಯ್ಯೋ, ಹಾಲು ಕಮ್ಮಿ ತಗೋ" ಅನ್ನುತ್ತಾಳೆ.

ಮೊನ್ನೆ ಅವಳು ನನ್ನ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತಿದ್ದಾಗ ಪೂರನ್ ಗಾಡಿ ನಿಲ್ಲಿಸಿದ. "ಇಲ್ಲಿ ಸರುಲಿ ಅಂತ ಒಬ್ರು ಹುಲ್ಲು ಕೊಯ್ಯೋವಾಗ ಜಾರಿ ಬಿದ್ದು ಹೋದ್ರು" ಎಂದ.

ಹಿಂದಿನ ಸೀಟಿನವನು ಗಾಜು ಇಳಿಸಿ ನೋಡಿದ. "ಅಷ್ಟೇನಾ?"

"ಹೂಂ ಬಾಬೂ," ಎಂದಳು ಆಮಾ, "ಅಷ್ಟೇ."

ಇಷ್ಟು ವರ್ಷಗಳಲ್ಲಿ ಟ್ಯಾಕ್ಸಿಯಲ್ಲಿ ಬಂದವರೊಡನೆ ಅವಳು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.