ಸೋಮವಾರ ವೆರ್ನಾಳ ಪಾಳಿ

ಟಾರ್‌ಬಾಕ್ಸ್ ಕೋವ್ ಎಂಬ ಕಡಲತೀರದ ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಆ ಸುದ್ದಿ ಡಾಕ್ಟರಿಗಿಂತ ಮೊದಲು ಅರ್ಲೀನ್ ಪಿಂಕ್‌ಹ್ಯಾಮ್‌ಗೆ ಮುಟ್ಟುತ್ತಿತ್ತು. ಹೇಗೆ ಮುಟ್ಟುತ್ತಿತ್ತು ಎಂದು ಯಾರೂ ಕೇಳಿದವರಲ್ಲ. ಇಪ್ಪತ್ತಾರು ವರ್ಷ ಊರಿನ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು ಅವಳು. ಮೂರು ಮೈಲಿಯೊಳಗಿನ ಪ್ರತಿ ಹೊಟ್ಟೆಯ ಪರಿಚಯವೂ ಅವಳಿಗಿತ್ತು. ಸುದ್ದಿ ಬಂದ ಗಳಿಗೆಯಲ್ಲೇ ಕೆಂಪು ರಟ್ಟಿನ ನೋಟ್‌ಬುಕ್ ತೆಗೆದು, ಮೇಲೆ ರೋಗಿಯ ಹೆಸರು ಬರೆದು, ಕೆಳಗೆ ಸೋಮವಾರದಿಂದ ಶನಿವಾರದವರೆಗೆ ಸಾಲು ಎಳೆದು, ಫೋನ್ ಹಿಡಿದು ಕೂರುವಳು.

"ನೋಡು, ಎಲ್‌ಬ್ರಿಜ್ ದೋಣಿ ಹತ್ತೋಕೆ ಹೋಗಿ ಪಕ್ಕೆಲುಬು ಮುರ್ಕೊಂಡಿದಾನೆ. ಗುರುವಾರ ನಿಂದು. ಮೀನು ಮಾತ್ರ ಬೇಡ. ಸದ್ಯಕ್ಕೆ ಅವನಿಗೂ ಸಮುದ್ರಕ್ಕೂ ಮಾತಿಲ್ಲ."

ಇಲ್ಲ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ. ಗುರುವಾರ ಸಂಜೆ ಐದಕ್ಕೆ ಎಲ್‌ಬ್ರಿಜ್‌ನ ಮೆಟ್ಟಿಲ ಮೇಲೆ ಬಿಸಿ ಪಾತ್ರೆ ಬಂದು ಕೂರುತ್ತಿತ್ತು. ಯಾರ ಪಾತ್ರೆ ಯಾರದೆಂದು ತಿಳಿಯಲು ತಳಕ್ಕೆ ಬಿಳಿ ಟೇಪ್ ಅಂಟಿಸಿ ಹೆಸರು ಬರೆಯುವುದು ಆ ಊರಿನ ರೂಢಿ. ಇನ್ನೊಂದು ರೂಢಿಯನ್ನು ಅರ್ಲೀನಳೇ ಕಾನೂನು ಮಾಡಿದ್ದಳು: ಪಾತ್ರೆ ಖಾಲಿ ಹಿಂದಿರುಗಬಾರದು. ಎರಡು ಮೊಟ್ಟೆ, ಒಂದು ಹಿಡಿ ಬ್ಲೂಬೆರಿ, ಏನೂ ಇಲ್ಲದಿದ್ದರೆ ತೋಟದ ನಾಲ್ಕು ಈರುಳ್ಳಿ. "ಬರೀ ಪಾತ್ರೆ ಕೊಟ್ರೆ ಮುನಿಸ್ಕೊಂಡ ಹಾಗೆ," ಎನ್ನುತ್ತಿದ್ದಳು.

ವೆರ್ನಾ ಡೈಯರ್ ಅವಳ ಜೀವದ ಗೆಳತಿ. ಒಂದನೇ ಕ್ಲಾಸಿನಲ್ಲಿ ಒಂದೇ ಬೆಂಚು, ಆಮೇಲೆ ಅರವತ್ತು ವರ್ಷ ಒಂದೇ ರಸ್ತೆ. ಗಂಡ ತೀರಿಕೊಂಡ ಮೇಲೂ ಅಂಚೆ ಕಚೇರಿಯ ಕಿಟಕಿಯ ಹಿಂದೆ ಕೂತು ಊರಿಗೆಲ್ಲ ಕಾಗದದ ಜೊತೆ ತನ್ನ ಅಭಿಪ್ರಾಯವನ್ನೂ ಹಂಚಿದವಳು ವೆರ್ನಾ. ಅಂಚೆಚೀಟಿ ಇಲ್ಲದೆ ಊರಲ್ಲಿ ಓಡಾಡುತ್ತಿದ್ದದ್ದು ಅವಳ ಮಾತೊಂದೇ.

ಅರ್ಲೀನಳ ಕಾಯಿಲೆ ಶುರುವಾದದ್ದು ಒಂದು ಆಗಸ್ಟಿನಲ್ಲಿ, ಬ್ಲೂಬೆರಿ ಬಯಲಿನಲ್ಲಿ ಹಣ್ಣು ಕಿತ್ತು ಬಂದ ವಾರ. ಮೊದಲು ಜ್ವರ. ಬೇಸಿಗೆಯ ಜ್ವರ ತಾನೇ ಎಂದು ಸುಮ್ಮನಾದಳು. ಆಮೇಲೆ ಮಂಡಿ ಊದಿಕೊಂಡಿತು. ಜನವರಿಯಲ್ಲಿ ಒಂದು ಬೆಳಿಗ್ಗೆ ಮುಖದ ಎಡಭಾಗ ಜೋತುಬಿತ್ತು. ಕಾಫಿ ಕುಡಿದರೆ ಅರ್ಧ ಗಲ್ಲದ ಮೇಲೆ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಒಬ್ಬ ಡಾಕ್ಟರು ವಯಸ್ಸು ಎಂದರು, ಇನ್ನೊಬ್ಬರು ಮನಸ್ಸು ಎಂದರು. ಮೂರನೆಯವರು ಮಾತ್ರ, ನಾಲ್ಕು ಗಂಟೆ ಕಾರು ಓಡಿಸಿದರೆ ಸಿಗುವ ಊರಿನವರು, ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆ ಎಂದು ಹೇಳಿ ಮಾತ್ರೆ ಕೊಟ್ಟರು. ಮೂರು ತಿಂಗಳು ಚೆನ್ನಾಗಿದ್ದಳು. ಮತ್ತೆ ಮಲಗಿದಳು. ಹೀಗೇ ಆರು ವರ್ಷ.

ಕ್ಯಾನ್ಸರ್ ಎಂದರೆ ಊರಿಗೆ ಅರ್ಥವಾಗುತ್ತದೆ, ಕೂದಲು ಉದುರಿದ್ದು ಕಣ್ಣಿಗೆ ಕಾಣುತ್ತದೆ. ಇವಳ ಮುಖ ವಸಂತದ ಹೊತ್ತಿಗೆ ಸರಿಹೋಯಿತು, ಕೆನ್ನೆ ಮೊದಲಿನಂತೆ ಕೆಂಪಗೇ ಇತ್ತು. ನಾಲ್ಕು ದಿನ ಮಲಗಿ ಐದನೆಯ ದಿನ ಅಂಗಡಿಗೆ ಬಂದರೆ, ಊರು ನೋಡುತ್ತಿದ್ದದ್ದು ಆ ಐದನೆಯ ದಿನವನ್ನು. ಮಕ್ಕಳ ಹೆಸರು ಮರೆತು ಶಾಲೆಯ ಕೆಲಸ ಬಿಟ್ಟಳು; ಸಾಕಾಗಿ ಬಿಟ್ಟಳು ಅಂದರು. ಹಾಡುಗಾರರ ಸಾಲಿನಲ್ಲಿ ನಿಲ್ಲಲಾರದೆ ಚರ್ಚಿಗೆ ಬರುವುದು ನಿಲ್ಲಿಸಿದಳು. ಅದಕ್ಕೂ ಒಂದು ಕಥೆ ಕಟ್ಟಿದರು. ಆ ಆರು ವರ್ಷದಲ್ಲಿ ಅವಳ ಮೆಟ್ಟಿಲ ಮೇಲೆ ಒಂದೇ ಒಂದು ಪಾತ್ರೆ ಬಂದು ಕೂರಲಿಲ್ಲ.

ವೆರ್ನಾ ಏನು ಮಾಡಿದಳು? ನಾಚಿಕೆಯಾಗುತ್ತದೆ ಹೇಳಲು. ಮೊದಲ ವರ್ಷ ನಾಲ್ಕೈದು ಸಲ ಹೋಗಿ ಕೂತು ಬಂದಳು, ಬರಿಗೈಯಲ್ಲಿ. ಆಮೇಲೆ ಅಂಚೆ ಕಿಟಕಿಯಲ್ಲಿ ಯಾರೋ ವಿಚಾರಿಸಿದಾಗ ನಗುತ್ತಾ ಅಂದಳು: "ನಮ್ಮ ಅರ್ಲೀನಾ? ಪಾತ್ರೆ ತೊಳೆಯೋ ಹೊತ್ತಿಗೆ ಕಾಯಿಲೆ, ಕೋಳಿಗೆ ಕಾಳು ಹಾಕೋ ಹೊತ್ತಿಗೆ ಗುಣ." ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಬಾಗಿಲ ಬಳಿ ಕೋಲು ಹಿಡಿದು ಅರ್ಲೀನ್ ನಿಂತಿದ್ದನ್ನು ವೆರ್ನಾ ನೋಡಿದ್ದು ನಗು ಮುಗಿದ ಮೇಲೆ. ಅರ್ಲೀನ್ ತನ್ನ ಕಾಗದ ತೆಗೆದುಕೊಂಡು ಹೋದಳು.

ಐದನೆಯ ಚಳಿಗಾಲದಲ್ಲಿ ವೆರ್ನಾ ಹಿಮದ ಮೇಲೆ ಜಾರಿ ಸೊಂಟ ಮುರಿದುಕೊಂಡಳು. ಆಸ್ಪತ್ರೆಯಿಂದ ಬಂದ ಮರುದಿನವೇ ಊಟ ಬರತೊಡಗಿತು. ನೋಟ್‌ಬುಕ್ ಇನ್ನೂ ನಡೆದಿತ್ತು. ಹಾಸಿಗೆಯಲ್ಲೇ ಮಲಗಿ ಅರ್ಲೀನ್ ಎಲ್ಲರಿಗೂ ಫೋನ್ ಮಾಡಿದ್ದಳು. ಸೋಮವಾರ ತನಗೇ ಇಟ್ಟುಕೊಂಡಿದ್ದಳು.

ಅವಳು ಬಂದದ್ದನ್ನು ವೆರ್ನಾ ಕಿಟಕಿಯಿಂದ ನೋಡಿದಳು. ಕಾರಿನಿಂದಿಳಿದು ಗಾಜಿನ ಪಾತ್ರೆಯನ್ನು ಬಾನೆಟ್ ಮೇಲಿಟ್ಟು ನಿಂತಳು. ಎತ್ತಿಕೊಂಡು ನಾಲ್ಕು ಹೆಜ್ಜೆ ಬಂದಳು. ಬೇಲಿಯ ಕಂಬದ ಮೇಲಿಟ್ಟು ಮತ್ತೆ ನಿಂತಳು. ಇಪ್ಪತ್ತು ಅಡಿ ದಾರಿಗೆ ಕಾಲು ಗಂಟೆ ಹಿಡಿಯಿತು. ನೋಡುತ್ತ ನೋಡುತ್ತ ವೆರ್ನಾಳಿಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ತನ್ನ ತಪ್ಪನ್ನು ಯಾರೋ ಕಣ್ಣೆದುರು ಹೊತ್ತು ತಂದರೆ ಬರುವ ಸಿಟ್ಟು ಅದು.

"ಅಡುಗೆ ಮಾಡೋಕೆ ಬಲ ಇದೆ ಅಂತಾಯ್ತು," ಅಂದಳು.

ಅರ್ಲೀನ್ ಮೇಜು ಹಿಡಿದು ಉಸಿರು ಸರಿಮಾಡಿಕೊಂಡಳು. "ಚಿಕನ್ ಪೈ. ಬಿಸಿ ಇರುವಾಗ್ಲೇ ತಿನ್ನು," ಅಂದು ಹೊರಟುಹೋದಳು.

ಹಿಟ್ಟಿನ ಪದರದೊಳಗೆ ಕೋಳಿ ಬೇಯಿಸಿದ ಆ ಪೈ ಎರಡು ದಿನದಲ್ಲಿ ಮುಗಿಯಿತು. ಪಾತ್ರೆ ಮಾತ್ರ ಎರಡು ವರ್ಷ ವೆರ್ನಾಳ ಕಪಾಟಿನಲ್ಲೇ ಉಳಿಯಿತು. ಮೊದಲು, ಸೊಂಟ ಸರಿಯಾಗಲಿ, ಏನಾದರೂ ಮಾಡಿ ತುಂಬಿಸಿ ಕೊಡೋಣ ಎಂದುಕೊಂಡಳು. ಆಮೇಲೆ ಹಬ್ಬ ಕಳೆಯಲಿ ಎಂದುಕೊಂಡಳು. ಆಮೇಲೆ ಇಷ್ಟು ತಡವಾದ ಮೇಲೆ ಯಾವ ಮುಖ ಹೊತ್ತು ಹೋಗುವುದು ಎಂದು ಕಪಾಟಿನ ಹಿಂಬದಿಗೆ ಸರಿಸಿದಳು.

ಕಳೆದ ಅಕ್ಟೋಬರಿನಲ್ಲಿ ಅರ್ಲೀನಳಿಗೆ ಇನ್ನೊಂದು ಉಣುಗು ಕಚ್ಚಿತು. ಈ ಸಲ ಕಾಯಿಲೆ ನೇರ ಎದೆಗೆ ಹೋಯಿತು. ಮೂರು ವಾರದ ಮೇಲೆ, ಒಳ್ಳೆ ಬಿಸಿಲಿದ್ದ ಬೆಳಿಗ್ಗೆ, ಜಗುಲಿಯಲ್ಲಿ ಕೂತು ಸೇಬಿನ ಸಿಪ್ಪೆ ತೆಗೆಯುತ್ತಿದ್ದವಳ ಹೃದಯ ನಿಂತುಹೋಯಿತು. ಗಂಡ ಮೆರಿಲ್ ಬಲೆ ಎಳೆದು ಮನೆಗೆ ಬಂದಾಗ ಅರ್ಧ ಸುಲಿದ ಸೇಬು ಅವಳ ಮಡಿಲಲ್ಲೇ ಇತ್ತು. ಶವ ಪರೀಕ್ಷೆ ಮಾಡಿದವರು ಹೃದಯದಲ್ಲಿ ಲೈಮ್ ಇದ್ದದ್ದನ್ನು ಬರೆದುಕೊಟ್ಟರು. ಪತ್ರಿಕೆಯಲ್ಲೂ ಬಂತು.

ಅಚ್ಚಾದ ಅಕ್ಷರಕ್ಕೆ ಊರು ಎಷ್ಟು ಬೇಗ ಮರುಗುತ್ತದೆ! ಒಂದೇ ವಾರದಲ್ಲಿ ಮೆರಿಲ್‌ನ ಮೆಟ್ಟಿಲ ಮೇಲೆ ಇಪ್ಪತ್ತಮೂರು ಪಾತ್ರೆ ಬಂದವು. ಅವನು ಎಲ್ಲರಿಗೂ ಥ್ಯಾಂಕ್ಸ್ ಹೇಳಿ ತೆಗೆದುಕೊಂಡ. ಎಲ್ಲವನ್ನೂ ಅರ್ಲೀನಳ ಕೋಳಿಗಳಿಗೆ ಹಾಕಿದ.

ಆ ಜಿಲ್ಲೆಯಲ್ಲಿ ಇದೇ ಕಾಯಿಲೆಗೆ ಹೋದವರು ಇನ್ನೂ ಮೂವರಿದ್ದರು. ಕಾಡು ಅಳೆಯುವ ಕೆಲಸದವನೊಬ್ಬ ಮೂವತ್ತನಾಲ್ಕನೇ ವಯಸ್ಸಿಗೆ ಟ್ರಕ್ಕಿನ ಸ್ಟೇರಿಂಗ್ ಮೇಲೆ ತಲೆಯಿಟ್ಟು ತೀರಿಕೊಂಡಿದ್ದ. ಇಬ್ಬರು ಮಕ್ಕಳ ತಾಯಿಯೊಬ್ಬಳು, ಕುದುರೆ ಸಾಕುತ್ತಿದ್ದ ಮುದುಕನೊಬ್ಬ. ಮೇ ತಿಂಗಳು, ಉಣುಗು ಹುಲ್ಲಿನ ತುದಿಗೆ ಹತ್ತುವ ಹೊತ್ತು, ಮೊದಲ ಶನಿವಾರ ನಾಲ್ವರ ನೆನಪಿಗೆ ಚರ್ಚಿನ ಹಾಲ್‌ನಲ್ಲಿ ಸೇರೋಣ, ಒಬ್ಬೊಬ್ಬರ ಬಗ್ಗೆ ಒಬ್ಬೊಬ್ಬರು ಮಾತಾಡಲಿ, ಆಮೇಲೆ ಎಲ್ಲರೂ ಒಟ್ಟಿಗೆ ಊಟ ಮಾಡೋಣ ಎಂದು ಪಾಸ್ಟರ್ ಹೇಳಿದರು. ಅರ್ಲೀನಳ ಬಗ್ಗೆ ವೆರ್ನಾ ಬಿಟ್ಟರೆ ಇನ್ಯಾರು?

ವೆರ್ನಾ ಮೂರು ಸಲ ಬರೆದಳು. ದೊಡ್ಡ ಮನಸ್ಸು, ನಗುಮುಖ, ಊರಿನ ತಾಯಿ. ಓದಿದರೆ ಚೆನ್ನಾಗೇ ಇತ್ತು. ಓದಿ ಮುಗಿಸಿದಾಗೆಲ್ಲ ಕಣ್ಣು ಕಪಾಟಿನ ಕಡೆ ಹೋಗುತ್ತಿತ್ತು. ಆ ಪಾತ್ರೆಯನ್ನು ಮನೆಯಲ್ಲಿಟ್ಟುಕೊಂಡು ಅಲ್ಲಿ ನಿಂತು ಮಾತಾಡುವುದು ಹೇಗೆ?

ಶನಿವಾರ ಬೆಳಿಗ್ಗೆ ಎದ್ದು ಅದರಲ್ಲೇ ಚಿಕನ್ ಪೈ ಮಾಡಿ, ಬಟ್ಟೆಯಲ್ಲಿ ಸುತ್ತಿ, ಮೆರಿಲ್‌ನ ಮನೆಗೆ ಹೋದಳು. ಬಾಗಿಲು ತೆರೆದೇ ಇತ್ತು. ಅಡುಗೆಮನೆಯ ಮೇಜಿನ ಮೇಲೆ ಇಪ್ಪತ್ತಮೂರು ಪಾತ್ರೆ ತೊಳೆದು ಬೋರಲು ಹಾಕಿದ್ದವು. ಒಂದೊಂದರ ತಳದಲ್ಲೂ ಒಂದೊಂದು ಹೆಸರು.

"ಇವತ್ತು ಎಲ್ಲಾ ವಾಪಸ್ ಕೊಡ್ತೀನಿ," ಅಂದ ಮೆರಿಲ್. "ಖಾಲೀನೇ ಕೊಡ್ತೀನಿ. ಅವಳಿದ್ದಿದ್ರೆ ಬೈತಿದ್ಲು."

"ಇದೂ ಒಂದಿದೆ ಮೆರಿಲ್. ಅವಳದೇ. ಎರಡು ವರ್ಷದಿಂದ ನನ್ನ ಹತ್ರಾನೇ ಇತ್ತು."

"ಗೊತ್ತು."

"ಗೊತ್ತಾ?"

"ತಿಂಗಳಿಗೊಂದ್ಸಲ ಹೇಳ್ತಿದ್ಲು, ನನ್ನ ದೊಡ್ಡ ಪಾತ್ರೆ ವೆರ್ನಾ ಹತ್ರ ಇದೆ ಅಂತ. ಹೊಸದು ತರ್ಲಾ ಅಂದ್ರೆ ಬೇಡ. ಅದನ್ನ ಕೊಡೋಕಾದ್ರೂ ಬರ್ತಾಳಲ್ಲ, ಅಂತಿದ್ಲು."

ವೆರ್ನಾ ಕುರ್ಚಿ ಎಳೆದುಕೊಂಡು ಕೂತಳು. ಸೊಂಟ ನೋಯುತ್ತಿತ್ತು. ಮೆರಿಲ್ ಒಳಗೆ ಹೋಗಿ ಕೆಂಪು ನೋಟ್‌ಬುಕ್ ತಂದು, ಬೆರಳಿಟ್ಟು ಗುರುತು ಮಾಡಿಕೊಂಡಿದ್ದ ಪುಟ ತೆರೆದು ಅವಳ ಮುಂದಿಟ್ಟ.

ಮೇಲೆ ಅರ್ಲೀನಳದೇ ಅಕ್ಷರದಲ್ಲಿ ಅವಳದೇ ಹೆಸರು: ಅರ್ಲೀನ್ ಪಿಂಕ್‌ಹ್ಯಾಮ್. ಕೆಳಗೆ ಆರು ಸಾಲು. ಸೋಮವಾರದ ಮುಂದೆ ಪೆನ್ಸಿಲ್ಲಿನಲ್ಲಿ "ವೆರ್ನಾ". ಉಳಿದ ಐದು ಸಾಲು ಖಾಲಿ.

"ಮುಖ ಸೊಟ್ಟಗಾದ ವಾರ ಬರ್ದಿದ್ದು," ಅಂದ ಮೆರಿಲ್. "ಫೋನ್ ಪಕ್ಕ ಕೂತಿದ್ಲು, ಕೂತೇ ಇದ್ಲು. ಮಾಡೇ ಅಂದೆ. ಆಗ್ಲಿಲ್ಲ ಅವಳ ಕೈಲಿ. ನಾನಾದ್ರೂ ವೆರ್ನಾಗೆ ಮಾಡ್ಲಾ ಅಂದೆ. ಬೇಡ ಮೆರಿಲ್, ಅವಳು ತಾನಾಗೇ ಬರ್ತಾಳೆ ಅಂದ್ಲು."

ವೆರ್ನಾ ಆ ಪುಟದ ಮೇಲೆ ಕೈಯಿಟ್ಟಳು. ಆಮೇಲೆ ನೋಟ್‌ಬುಕ್ ಮುಚ್ಚಿ ತನ್ನ ಚೀಲಕ್ಕೆ ಹಾಕಿಕೊಂಡಳು; ಮೆರಿಲ್ ಬೇಡ ಅನ್ನಲಿಲ್ಲ.

"ಪೈ ಇಲ್ಲಿಡ್ಬೇಡ," ಅಂದ ಮೆರಿಲ್. "ಹಾಲ್‌ಗೇ ತಗೊಂಡು ಬಾ."

ಹಾಲ್‌ನಲ್ಲಿ ನೂರು ಜನ ಸೇರಿದ್ದರು. ಎಲ್ಲರ ಎದೆಯ ಮೇಲೂ ಲೈಮ್ ಕಾಯಿಲೆಯ ಗುರುತಿನ ಎಳೆಹಸಿರು ರಿಬ್ಬನ್. ಗೋಡೆಯ ಪಕ್ಕದ ಉದ್ದ ಮೇಜಿನ ಮೇಲೆ ಕಾಕಂಬಿ ಹಾಕಿ ಬೇಯಿಸಿದ ಬೀನ್ಸ್ ಕಾಳು, ಕಂದು ಬ್ರೆಡ್, ಕೋಸಿನ ಪಲ್ಯ, ತುದಿಯಲ್ಲಿ ವೆರ್ನಾಳ ಪೈ. ಬಾಗಿಲ ಬಳಿ ಮೆರಿಲ್ ತಂದಿಟ್ಟ ಇಪ್ಪತ್ತಮೂರು ಖಾಲಿ ಪಾತ್ರೆ. ಕಾಡು ಅಳೆಯುವವನ ತಂಗಿ ಮಾತಾಡಿ ಅತ್ತಳು. ಇಬ್ಬರು ಮಕ್ಕಳು ತಾಯಿಯ ಬಗ್ಗೆ ಒಂದೊಂದು ವಾಕ್ಯ ಹೇಳಿ ಕೂತರು. ಕುದುರೆಯ ಮುದುಕನ ಬಗ್ಗೆ ಪಾಸ್ಟರೇ ಹೇಳಿದರು. ಪ್ರತಿ ಹೆಸರಿಗೂ ಒಂದು ಸಲ ಗಂಟೆ ಬಾರಿಸಿದರು.

ವೆರ್ನಾ ಎದ್ದಳು. ಬರೆದ ಕಾಗದ ಚೀಲದಲ್ಲೇ ಉಳಿಯಿತು. ನೋಟ್‌ಬುಕ್ ತೆರೆದಳು.

"ಅರ್ಲೀನ್ ಪಿಂಕ್‌ಹ್ಯಾಮ್," ಎಂದು ಓದಿದಳು. "ಸೋಮವಾರ, ವೆರ್ನಾ. ಮಂಗಳವಾರ ಯಾರೂ ಇಲ್ಲ. ಬುಧವಾರ ಯಾರೂ ಇಲ್ಲ. ಗುರುವಾರ, ಶುಕ್ರವಾರ, ಶನಿವಾರ ಯಾರೂ ಇಲ್ಲ." ಕನ್ನಡಕ ತೆಗೆದಳು. "ಇದನ್ನ ಅವಳು ಆರು ವರ್ಷದ ಹಿಂದೆ ಬರ್ದಿದ್ದು. ಸೋಮವಾರ ನಂದು. ನಾನು ಹೋಗ್ಲಿಲ್ಲ. ಅಷ್ಟೇ ಸಾಲದು ಅಂತ ಅವಳು ಸೋಗು ಹಾಕ್ತಾಳೆ ಅಂತ ನಿಮ್ಮನ್ನೆಲ್ಲ ನಗಿಸ್ದೆ. ಅದನ್ನ ಅವಳು ಕೇಳಿಸ್ಕೊಂಡ್ಲು."

ಕುರ್ಚಿಗಳು ಕಿರುಗುಟ್ಟಿದವು. ಹಿಂದಿನ ಸಾಲಿನಿಂದ ಎಲ್‌ಬ್ರಿಜ್, ಆ ಪಕ್ಕೆಲುಬಿನ ಎಲ್‌ಬ್ರಿಜ್, ತಡೆಯಲಾರದೆ ಅಂದ: "ನಮಗೆ ಯಾರೂ ಫೋನ್ ಮಾಡ್ಲಿಲ್ಲ ವೆರ್ನಾ. ಮಾಡಿದ್ರೆ ಹೋಗ್ತಿದ್ವಲ್ಲ. ಯಾವತ್ತಾದ್ರೂ ಇಲ್ಲ ಅಂದಿದ್ವಾ?"

"ಯಾರು ಮಾಡ್ಬೇಕಿತ್ತು ಎಲ್‌ಬ್ರಿಜ್?" ಅಂದಳು ವೆರ್ನಾ. "ಮಾಡೋಳೇ ಮಲಗಿದ್ಲಲ್ಲ."

ಪಾಸ್ಟರ್ ಗಂಟೆ ಬಾರಿಸುವುದನ್ನು ಮರೆತು ನಿಂತಿದ್ದರು. ಆಮೇಲೆ ನೆನಪಾಗಿ ಬಾರಿಸಿದರು.

ಊಟಕ್ಕೆ ಯಾರೂ ಮೊದಲು ಏಳಲಿಲ್ಲ. ಮೆರಿಲ್ ಒಬ್ಬನೇ ಎದ್ದು ಮೇಜಿನ ತುದಿಗೆ ಹೋಗಿ, ಬಟ್ಟೆ ಬಿಚ್ಚಿ, ಪೈಯನ್ನು ತಟ್ಟೆಗೆ ಹಾಕಿಕೊಂಡ. ಅದು ಆಗಲೇ ಆರಿಹೋಗಿತ್ತು. ನಿಂತೇ ತಿಂದ. ಅರ್ಲೀನ್ ಹೋದ ಮೇಲೆ ಊರಿನವರ ಕೈಯಡುಗೆ ಅವನು ತಿಂದದ್ದು ಅದೇ ಮೊದಲು. ಆಮೇಲೆ ಒಬ್ಬೊಬ್ಬರೇ ಬಂದು ಬಡಿಸಿಕೊಂಡರು, ತಲೆಯೆತ್ತದೆ.

ಎಲ್ಲ ಮುಗಿದ ಮೇಲೆ ವೆರ್ನಾ ಖಾಲಿ ಪಾತ್ರೆಯನ್ನು ಎತ್ತಿಕೊಂಡಳು. "ತೊಳೆದು, ಸೋಮವಾರ ಏನಾದ್ರೂ ಮಾಡಿ ತುಂಬಿಸ್ಕೊಂಡು ಬರ್ತೀನಿ," ಅಂದಳು.

ಮೆರಿಲ್ ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡ. ತಳ ತಿರುಗಿಸಿ, ಮಾಸಿಹೋದ ಟೇಪಿನ ಮೇಲೆ ಹೆಬ್ಬೆರಳು ಆಡಿಸಿದ.

"ಬರೋದಾದ್ರೆ ನಿನ್ನ ಪಾತ್ರೇಲಿ ತಾ," ಅಂದ. "ಇದು ಅವಳದ್ದು." ತೊಳೆಯದ ಆ ಪಾತ್ರೆಯನ್ನು ಕೋಟಿನೊಳಗೆ ಎದೆಗೊತ್ತಿಕೊಂಡು ಅವನು ಮನೆಗೆ ಹೋದ.