ಬಾನಿಯಲ್ಲಿ ಬೆರೆತ ಕಪ್ಪೆಚಿಪ್ಪು

ಮೊನ್ನೆ ಕಡೂರಿನಿಂದ ಅಜ್ಜಂಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಕಾಲ ಬುಡದಲ್ಲಿ ಯಾರದೋ ಒದ್ದೆ ಗೋಣಿಚೀಲವಿತ್ತು. ಅದರಿಂದ ಕೆರೆಯ ಕೆಸರಿನ ವಾಸನೆ. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಮಾತ್ರ ಮಲ್ಲಿಗೆ ದಂಡೆ ಸಿಕ್ಕವಳ ಹಾಗೆ ಮತ್ತೆ ಮತ್ತೆ ಮೂಸಿದೆ. ಪಕ್ಕದ ಹೆಂಗಸು ಒಮ್ಮೆ ಚೀಲವನ್ನೂ ಒಮ್ಮೆ ನನ್ನನ್ನೂ ನೋಡಿ ತುಸು ಸರಿದು ಕೂತಳು. ಅವಳ ತಪ್ಪಿಲ್ಲ ಬಿಡಿ. ಆ ವಾಸನೆಯಲ್ಲಿ ನನ್ನ ಪ್ರಾಯದ ಒಂದು ಇಡೀ ಬೇಸಿಗೆ ಇದೆಯೆಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಸಂಶೋಧನೆಗೆ ಸೇರಿದ್ದೆ. ಹುಲಿಯ ಮೇಲೋ ಆನೆಯ ಮೇಲೋ ಮಾಡಿದ್ದರೆ ಊರಲ್ಲಿ ಹೇಳಿಕೊಳ್ಳಲಿಕ್ಕೆ ಚೆನ್ನಾಗಿರುತ್ತಿತ್ತು. ನನಗೆ ಗಂಟುಬಿದ್ದದ್ದು ಕಪ್ಪೆಚಿಪ್ಪು. ಸಖರಾಯಪಟ್ಟಣದ ಕೆರೆಯಲ್ಲಿ ಒಂದು, ತರೀಕೆರೆಯ ಕೆರೆಯಲ್ಲಿ ಒಂದು. ನೋಡಲು ಎರಡೂ ಒಂದೇ, ಅದೇ ಕಂದು ಬಣ್ಣ, ಅದೇ ಅಂಗೈ ಗಾತ್ರ. ಪುಸ್ತಕಗಳು ಕೂಡ ಒಂದೇ ಜಾತಿ ಎಂದು ಷರಾ ಬರೆದಿದ್ದವು. ಚಿಪ್ಪಿನ ಆಕಾರವನ್ನು ನಂಬುವ ಹಾಗಿಲ್ಲ, ನೀರು ಮಣ್ಣು ಬದಲಾದರೆ ಅದೂ ಬದಲಾಗುತ್ತದೆ. ಆದರೆ ಗಂಡು ಚಿಪ್ಪಿನ ವೀರ್ಯಾಣುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಒಂದು ಕೆರೆಯದರ ತಲೆ ಗಿಡ್ಡಗೆ ದುಂಡಗೆ ಇತ್ತು, ಇನ್ನೊಂದರದು ತುಸು ನೀಳ, ತುದಿಯಲ್ಲಿ ಡೊಂಕು. ನನ್ನ ಪಾಲಿಗೆ ಅಷ್ಟೇ ಸಾಕಿತ್ತು, ಇವು ಎರಡು ಬೇರೆ ಜಾತಿ.

ನಮ್ಮ ಮೇಷ್ಟ್ರಿಗೆ ಸಾಲಲಿಲ್ಲ. “ಯಾವುದು ಯಾವ ಕೆರೆಯದು ಅಂತ ಮೊದಲೇ ಗೊತ್ತಿಟ್ಟುಕೊಂಡು ನೋಡ್ತೀಯಮ್ಮ, ಬೇಕಾದ್ದೇ ಕಾಣುತ್ತೆ. ಈ ಬೇಸಿಗೆ ಒಳಗೆ ನನ್ನನ್ನ ಒಪ್ಪಿಸು, ಇಲ್ಲ ಬಿಟ್ಟುಬಿಡು” ಎಂದರು. ಅತ್ತ ಅಜ್ಜಂಪುರದ ಹತ್ತಿರದ ನಮ್ಮ ಊರಲ್ಲಿ ಅಪ್ಪನದೂ ಅದೇ ಗಡುವು: “ಈ ಬೇಸ್ಗೆಗೆ ಓದು ಒಂದು ದಡ ಸೇರ್ಲಿಲ್ಲ ಅಂದ್ರೆ ಮದ್ವೆ ಕಣವ್ವ.” ಹೀಗಾಗಿ ಆ ಬೇಸಿಗೆಯಲ್ಲಿ ನಮ್ಮ ಮನೆಯಲ್ಲಿ ಇಬ್ಬರು ಗಂಡು ಹುಡುಕುತ್ತಿದ್ದೆವು. ಅಪ್ಪ ಬಂಧುಬಳಗದಲ್ಲಿ, ನಾನು ಬಕೀಟಿನಲ್ಲಿ.

ನಮ್ಮದು ಲಿಂಗವಂತರ ಮನೆ. ಮೊಟ್ಟೆಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವವರು. ಅಲ್ಲಿ ಹಿತ್ತಲಲ್ಲಿ ಎರಡು ಬಕೀಟು ತುಂಬ ಜೀವಂತ ಚಿಪ್ಪು ಇಟ್ಟುಕೊಂಡು ಕೂತಿದ್ದೆ ಎಂದರೆ ನನ್ನ ಧೈರ್ಯ ನೀವೇ ಲೆಕ್ಕ ಹಾಕಿ. “ಅದ್ರಾಗೆ ಏನ್ ನೋಡ್ತೀಯವ್ವ?” ಎಂದು ಅಪ್ಪ ಒಮ್ಮೆ ಕೇಳಿದ್ದರು. “ಜೀವಕೋಶ” ಎಂದಿದ್ದೆ. ಎಂಥ ಜೀವಕೋಶ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ದೇವನೂರಿನ ಕಡೆಯಿಂದ ಗಂಡಿನವರು ನನ್ನನ್ನು ನೋಡಲು ಬರುವ ದಿನ ಬೆಳಿಗ್ಗೆ ಹಿತ್ತಲಿಗೆ ಹೋಗಿ ನೋಡುತ್ತೇನೆ, ಎರಡೂ ಬಕೀಟನ್ನು ಲಕಲಕ ತೊಳೆದು ಬೋರಲು ಹಾಕಿದ್ದಾರೆ!

“ಅಜ್ಜೀ, ಚಿಪ್ಪೆಲ್ಲಿ?”

“ಬಂದೋರು ಕೈಕಾಲು ತೊಳ್ಯಾಕೆ ಬಕೀಟು ಬ್ಯಾಡ್ವೇನೇ? ಎಲ್ಲಾನೂ ಕೊಟ್ಟಿಗೆ ಬಾನಿಗೆ ಸುರ್ದಿದೀನಿ.”

“ಎರಡನ್ನೂ ಒಂದಕ್ಕೇನಾ?”

“ಇರಾದೇ ಒಂದು ಬಾನಿ ಕಣೇ.”

ನಾನು ಅಲ್ಲೇ ಕುಕ್ಕರಿಸಿದೆ. ಅಜ್ಜಿ ನನ್ನ ತಲೆ ಸವರಿದಳು. “ಅಳ್ಬ್ಯಾಡ, ನಂಗೇನ್ ಅಷ್ಟೂ ಬುದ್ಧಿ ಇಲ್ವಾ? ತರೀಕೆರೇವಕ್ಕೆ ಗುರ್ತು ಹಾಕಿದೀನಿ.” ಮದುವೆಗೆ ಎರವಲು ತಂದ ಪಾತ್ರೆ ಬೆರೆಯದಿರಲೆಂದು ನಮ್ಮಲ್ಲಿ ಸುಣ್ಣದ ಬೊಟ್ಟಿಡುತ್ತಾರೆ. ಅಜ್ಜಿ ಅದನ್ನೇ ಮಾಡಿದ್ದಳು. “ಆದ್ರೆ ಜೀವ ಇರೋವು, ಪಾಪ, ಸುಣ್ಣ ಸುಡ್ತದೆ ಅಂತ ಇಭೂತಿ ಇಟ್ಟೆ.”

ಓಡಿಹೋಗಿ ದನ ನೀರು ಕುಡಿಯುವ ಬಾನಿಗೆ ಬಗ್ಗಿದೆ. ನೀರು ಬೆಳ್ಳಗಿತ್ತು. ಚಿಪ್ಪುಗಳ ಮೇಲೆ ಒಂದು ಗೆರೆ ಇಭೂತಿಯೂ ಉಳಿದಿರಲಿಲ್ಲ. ಇನ್ನೊಮ್ಮೆ ಎರಡು ಕೆರೆ ಸುತ್ತಿ ಹೆಕ್ಕಿ ತರುವಷ್ಟರಲ್ಲಿ ಅವು ವೀರ್ಯ ಬಿಡುವ ಕಾಲವೇ ಮುಗಿದಿರುತ್ತಿತ್ತು. ಹೋಯ್ತು, ನನ್ನ ಓದು ಇಲ್ಲಿಗೆ ಹೋಯ್ತು ಅಂದುಕೊಂಡೆ. ಅಷ್ಟರಲ್ಲಿ ಬೀದಿಯಲ್ಲಿ ಜೀಪಿನ ಸದ್ದು.

ಉಪ್ಪಿಟ್ಟು, ಕೇಸರಿಬಾತು ಆಯಿತು. ಹುಡುಗ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಾತೆಲ್ಲ ಅವನ ದೊಡ್ಡಪ್ಪನದು. ಅಮೃತಮಹಲ್ ಹೋರಿ ಕಟ್ಟಿದ ಜಂಬದ ಮನುಷ್ಯ. “ಹುಡ್ಗಿ ನೋಡಿದ್ದಾಯ್ತು, ದನ ನೋಡಾನ ನಡೀರಿ” ಎಂದು ಎದ್ದೇಬಿಟ್ಟರು. ಮನೆಯ ಯೋಗ್ಯತೆಯನ್ನು ಕೊಟ್ಟಿಗೆಯಲ್ಲಿ ಅಳೆಯುವುದು ನಮ್ಮ ಕಡೆಯ ಪದ್ಧತಿ. ಬೇಡ ಅನ್ನುವಂತಿಲ್ಲ. ಅವರು ಬಾನಿಗೆ ಬಗ್ಗಿದ್ದೇ ತಡ, ಯಾವುದೋ ಒಂದು ಚಿಪ್ಪು ಪಿಚಕ್ಕನೆ ಅವರ ಮೀಸೆಗೆ ನೀರು ಹಾರಿಸಿತು.

“ಇದೇನ್ರೀ! ಐನೋರು ಪಾದ ಇಡೋ ಮನೇಲಿ ಚಿಪ್ಪು ತಿಂತೀರಾ?”

“ತಿನ್ನಾಕಲ್ಲ ಕಣಪ್ಪ, ನೋಡಾಕೆ” ಅಂದಳು ಅಜ್ಜಿ.

“ನೋಡಾಕೆ ಏನೈತೆ ಇದ್ರಾಗೆ?”

ಎಲ್ಲರೂ ನನ್ನ ಕಡೆ ತಿರುಗಿದರು. ಜೀವಕೋಶ ಅನ್ನವ್ವ ಎಂದು ಅಪ್ಪನ ಕಣ್ಣು ಬೇಡಿಕೊಳ್ಳುತ್ತಿತ್ತು. ಆದರೆ ನನಗೆ ಬೆಳಗಿನಿಂದ ತಲೆ ಕೆಟ್ಟಿತ್ತು. “ಗಂಡು ಯಾವುದು ಅಂತ ಹುಡುಕಿ, ಅದರ ವೀರ್ಯ ನೋಡಿ, ಯಾವ ಜಾತಿ ಅಂತ ಹೇಳ್ತೀನಿ. ನಮ್ಮಜ್ಜಿ ಎಲ್ಲಾನೂ ಬೆರೆಸಿಟ್ಟಿದ್ದಾಳೆ!” ಎಂದುಬಿಟ್ಟೆ.

ತಂದ ಕಾಫಿಯನ್ನು ಅಮ್ಮ ಹಾಗೇ ಒಳಗೆ ವಾಪಸು ಒಯ್ದಳು. ಅಪ್ಪ ಮಾಡಿನ ಹೆಂಚು ಎಣಿಸತೊಡಗಿದರು. ದೊಡ್ಡಪ್ಪ ಮಾತ್ರ ಮೀಸೆ ಒರೆಸಿಕೊಂಡು, “ದನದ್ ಡಾಕ್ಟ್ರು ಹೋರೀದು ನೋಡ್ತಾರಲ್ಲ, ಹಂಗಾ?” ಎಂದರು.

“ಹಂಗೇ.”

“ಹಂಗನ್ನಿ ಮತ್ತೆ! ನಾನೇನೋ ಅಂದ್ಕಂಡೆ.”

ಆಮೇಲೆ ಅವರು ತಮ್ಮ ಹೋರಿಯ ವೀರ್ಯದ ಗುಣಗಾನವನ್ನು ಹೆಂಗಸರು ಮಕ್ಕಳ ಎದುರಿಗೇ ಸಾವಕಾಶವಾಗಿ ಮಾಡಿದರು. ಒಬ್ಬರಿಗೂ ಮುಜುಗರವಾಗಲಿಲ್ಲ. ಹೋರಿಯದಾದರೆ ವ್ಯವಸಾಯದ ಮಾತು, ಚಿಪ್ಪಿನದಾದರೆ ಮಾನ ಹೋಗುವ ಮಾತು! ಕಡೆಗೆ, “ಎಲ್ಲಿ, ತೋರ್ಸವ್ವ ನೋಡಾನ” ಎಂದರು.

ಮೈಸೂರಿನಿಂದ ತಂದಿದ್ದ ಸೂಕ್ಷ್ಮದರ್ಶಕವನ್ನು ಜಗಲಿಯ ಮೇಲೆ ಇಟ್ಟು ಕನ್ನಡಿಯನ್ನು ಬಿಸಿಲಿಗೆ ತಿರುಗಿಸಿದೆ. ಚಿಪ್ಪನ್ನು ಒಂದು ಕೂದಲೆಳೆ ತೆರೆದು, ಸೂಜಿಯಿಂದ ಒಂದು ಹನಿ ತೆಗೆದು ಗಾಜಿನ ಮೇಲೆ ಬಿಟ್ಟೆ. ಮೊದಲು ಸಿಕ್ಕಿದವೆಲ್ಲ ಹೆಣ್ಣು. “ಒಳ್ಳೆ ಕತೆ, ಗಂಡು ಸಿಗಾದು ಇಲ್ಲೂ ಕಷ್ಟವಾ?” ಎಂದಳು ಅಜ್ಜಿ. ಗಂಡು ಸಿಕ್ಕಾಗ ದೊಡ್ಡಪ್ಪ ಕಣ್ಣಿಟ್ಟು, “ಅಲೆಲೆಲೆ, ಓಡಾಡ್ತಾವಲ್ರೀ!” ಎಂದು ಅಪ್ಪನನ್ನು ಎಳೆದು ತೋರಿಸಿದರು. ಗಿಡ್ಡ ತಲೆಯದು, ಡೊಂಕು ತಲೆಯದು, ಎರಡನ್ನೂ ಅಪ್ಪ ನೋಡಿದರು. ಮತ್ತೊಮ್ಮೆ ನೋಡಿದರು. ಬಿಸಿಲು ಇಳಿಯುವ ಹೊತ್ತಿಗೆ ಗಂಡುಗಳು ಎರಡು ಬಕೀಟಿಗೆ ಬೇರೆಯಾಗಿದ್ದವು. ಇದೋ ಅದೋ ಎಂದು ಅನುಮಾನ ಬಂದದ್ದು ಒಂದೂ ಇರಲಿಲ್ಲ.

ಹೊರಡುವಾಗ ದೊಡ್ಡಪ್ಪ ಎಲೆಯಡಿಕೆ ಮೆಲ್ಲುತ್ತ, “ಹುಡ್ಗಿ ನಮಗೆ ಒಪ್ಗೆ. ಬರೋ ತಿಂಗ್ಳೇ ಲಗ್ನ ಇಟ್ಕಣಾನ. ಈ ಚಿಪ್ಪಿನ ಕೆಲ್ಸ ಮಾತ್ರ ಇವತ್ಗೇ ಸಾಕು” ಎಂದರು.

ಒಪ್ಪಿಗೆ ಎಂಬ ಮಾತಿಗೆ ಅಪ್ಪ ಎಷ್ಟು ದಿನದಿಂದ ಕಾಯುತ್ತಿದ್ದರೆಂದು ನನಗೆ ಗೊತ್ತಿತ್ತು. ಅವರು ಹೆಗಲ ಟವೆಲ್ಲನ್ನು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು.

“ಯಜಮಾನ್ರೇ, ಅವು ಬ್ಯಾರೆ ಬ್ಯಾರೆ ಅಂತ ನೀವೂ ಕಂಡ್ರಿ, ನಾನೂ ಕಂಡೆ. ಇವ್ಳ ಮೇಷ್ಟ್ರು ಒಬ್ರು ಕಾಣಾದು ಬಾಕಿ ಐತೆ. ಅದಾಗ್ಲಿ.”

“ಅದ್ಕೆಷ್ಟು ದಿನ?”

“ಎಷ್ಟಾದ್ರೆ ಅಷ್ಟು.”

ಜೀಪು ಹೋಯಿತು. ಸಂಬಂಧವೂ ಹೋಯಿತು.

ಮೈಸೂರಿಗೆ ಹೋಗಿ ಬೈಸಿಕೊಳ್ಳಲು ತಯಾರಾಗಿಯೇ ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ನಿಮ್ಮಜ್ಜಿ ಮಾಡಿದ್ದನ್ನೇ ಅಲ್ಲವೇನಮ್ಮ ನಾನು ಕೇಳಿದ್ದು?” ಎಂದವರೇ, ಬೆರೆಯುವ ಮುಂಚೆಯೇ ನಾನು ಕೆರೆಯ ಹೆಸರು ಬರೆದು ಅವರಲ್ಲಿ ಇಟ್ಟಿದ್ದ ಗಂಡುಗಳ ಗಾಜುಪಟ್ಟಿಗಳ ಹೆಸರು ಅಳಿಸಿ, ತಮಗೆ ಮಾತ್ರ ತಿಳಿಯುವ ಗುರುತು ಹಾಕಿ, ಕಲೆಸಿ ನನ್ನ ಮುಂದಿಟ್ಟರು. ಬೇರೆ ಮಾಡಿಕೊಟ್ಟೆ. ಒಂದನ್ನು ಬಿಟ್ಟು ಎಲ್ಲ ಸರಿ, ಮೇಷ್ಟ್ರು ಒಪ್ಪಿದರು. ಆ ಒಂದಕ್ಕೆ ಅವರೇ ಗುರುತು ತಪ್ಪಿ ಹಾಕಿದ್ದರೆಂದು ನಾನು ಇವತ್ತಿಗೂ ವಾದಿಸುತ್ತೇನೆ.

ಬಸ್ಸು ಅಜ್ಜಂಪುರ ಮುಟ್ಟುವ ಮುಂಚೆ ಪಕ್ಕದವಳಿಗೆ ತಡೆಯಲಾಗಲಿಲ್ಲ. “ಏನ್ ಕೆಲ್ಸದಾಗಿದ್ರಮ್ಮ?” ಎಂದಳು. ಈ ಸೀಮೆಯಲ್ಲಿ ಯಾರೇ ಕೇಳಲಿ, ಅಪ್ಪನಿಗೆ ಇರಿಸುಮುರಿಸಾದೀತೆಂದು ಟೀಚರು ಅಂದೇ ಇಷ್ಟು ವರ್ಷ ನೂಕಿದ್ದೇನೆ. ಅಪ್ಪ ಹೋಗಿ ಎಷ್ಟೋ ಕಾಲವಾಯಿತು. ಇರಿಸುಮುರಿಸು ಅವರದಾಗಿತ್ತೋ ನನ್ನದೋ? ಮೊನ್ನೆ ಮೊದಲ ಸಲ ಬಿಡಿಸಿ ಹೇಳಿದೆ, ಗಂಡು ಚಿಪ್ಪು, ವೀರ್ಯ, ಡೊಂಕು ತಲೆ, ಎಲ್ಲ.

ಅವಳು ಬಾಯಿಯ ಮೇಲೆ ಸೆರಗಿಟ್ಟುಕೊಂಡಳು. “ಅಯ್ಯೋ ಶಿವನೇ! ಇಷ್ಟಕ್ಕಾ ನಿಮ್ಮಪ್ಪ ಓದ್ಸಿದ್ದು?”

“ಇಷ್ಟಕ್ಕೇ ಕಣಮ್ಮ,” ಎಂದೆ. ನಗಬೇಕೆಂದಿದ್ದೆ, ಅಳು ಬಂದುಬಿಟ್ಟಿತು. “ಬಂದ ಸಂಬಂಧ ಬಿಟ್ಟು ಓದ್ಸಿದ್ರು.”